ಕೈಲಾಗದ ಮಾತು

ಹೋಟೆಲಿನ ಅಡುಗೆಮನೆಯಲ್ಲಿ ಎಲ್ಲರೂ ಅವನನ್ನು ಬಾಣಲೆಯಣ್ಣ ಎಂದೇ ಕರೆಯುತ್ತಿದ್ದರು. ಹತ್ತೊಂಬತ್ತು ವರ್ಷ ಕಾದ ಎಣ್ಣೆಯ ಮುಂದೆ ನಿಂತವನು. ಹೋದ ತಿಂಗಳು ಅದೇ ಎಣ್ಣೆ ಅವನ ಬಲಗೈ ಮೇಲೆ ಮಗುಚಿಕೊಂಡಿತು. ಮಾಲೀಕ ಮೊದಲ ವಾರದ ಆಸ್ಪತ್ರೆ ಖರ್ಚು ಕೊಟ್ಟು, ಆಮೇಲೆ ಫೋನ್ ಎತ್ತುವುದನ್ನೇ ಬಿಟ್ಟ. ಸುಟ್ಟ ಬೆರಳುಗಳು ಒಂದಕ್ಕೊಂದು ಅಂಟಿಕೊಳ್ಳತೊಡಗಿದ್ದವು. ಈ ಶುಕ್ರವಾರ ಆಪರೇಷನ್ ಮಾಡಿ ಬಿಡಿಸದಿದ್ದರೆ ಆ ಕೈ ಮತ್ತೆ ಸೌಟು ಹಿಡಿಯುವುದಿಲ್ಲ ಎಂದು ಡಾಕ್ಟರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದರು.

ಅವನ ಹೆಂಡತಿ ಲಾಡ್ಜಿನಲ್ಲಿ ಕೋಣೆ ಗುಡಿಸಿ ಹಾಸಿಗೆ ಹಾಸುವವಳು. ದಿನಕ್ಕೆ ಹದಿನಾಲ್ಕು ಹಾಸಿಗೆ. ಹೋಟೆಲು, ಲಾಡ್ಜಿನ ಕೆಲಸಗಾರರನ್ನು ಕಷ್ಟದಲ್ಲಿ ಕೈಹಿಡಿಯುವ ನೆರವಿನ ಸಂಘವೊಂದಿದೆ ಎಂದು ಜೊತೆಯವಳಿಂದ ತಿಳಿದು, ಓಡಾಡಿ ಗಂಡನ ಹೆಸರಿನಲ್ಲಿ ಅರ್ಜಿ ತುಂಬಿದವಳೂ ಅವಳೇ. ಬುಧವಾರ ಸಂಜೆ ಉತ್ತರ ಬಂತು. ನೆರವಿನ ಅಗತ್ಯವಿಲ್ಲ ಎಂದು ಅರ್ಜಿದಾರರೇ ತಿಳಿಸಿರುವುದರಿಂದ ಅರ್ಜಿಯನ್ನು ಮುಚ್ಚಲಾಗಿದೆಯಂತೆ.

ಅವಳು ಗಂಡನನ್ನು ಹಿಡಿದು ಕೂರಿಸಿ ಕೇಳಿದಳು.

“‘ಆಪರೇಷನ್ ಖರ್ಚು ನಿಮ್ಮ ಕೈಲಿ ಆಗುತ್ತಾ’ ಅಂತ ಫೋನಲ್ಲಿ ಕೇಳಿದ್ರು,” ಎಂದ ಅವನು.

“ನೀವೇನಂದ್ರಿ?”

“ಆಗುತ್ತೆ ಅಂದೆ.”

ಅವಳು ಹಣೆ ಚಚ್ಚಿಕೊಂಡಳು. ಪಾಪ, ತಪ್ಪು ಪೂರ್ತಿ ಅವನದೂ ಅಲ್ಲ. ಹತ್ತು ನಿಮಿಷದಲ್ಲಿ ಮೂವತ್ತು ತಟ್ಟೆ ಆಗುತ್ತಾ ಎಂದು ಕಿಂಡಿಯಿಂದ ಕೂಗಲಿ, ಜ್ವರದಲ್ಲೇ ಎರಡನೇ ಪಾಳಿ ನಿಲ್ಲೋಕಾಗುತ್ತಾ ಎಂದು ಕೇಳಲಿ, ಅಡುಗೆಮನೆಯೊಳಗಿನಿಂದ ಬರಬೇಕಾದ್ದು ಒಂದೇ ಮಾತು. ಆಗಲ್ಲ ಎಂದವನ ಜಾಗದಲ್ಲಿ ಮಾರನೆಯ ದಿನ ಬೇರೊಬ್ಬ ನಿಂತಿರುತ್ತಾನೆ. ಹತ್ತೊಂಬತ್ತು ವರ್ಷದಲ್ಲಿ ಆ ಉತ್ತರ ಅವನ ನಾಲಿಗೆಗೆ ಅಂಟಿಹೋಗಿತ್ತು. ತನ್ನನ್ನು ಮದುವೆಯಾಗಲೂ ಹಾಗೇ ಒಪ್ಪಿಕೊಂಡನೋ ಏನೋ ಎಂದು ಅವಳಿಗೆ ಒಮ್ಮೊಮ್ಮೆ ಅನುಮಾನ.

ಗುರುವಾರ ಬೆಳಿಗ್ಗೆ ಅವಳು ಲಾಡ್ಜಿಗೆ ಹೋಗದೆ ನೇರ ಸಂಘದ ಕಚೇರಿಗೆ ಹೋದಳು. ಖರ್ಚು ತಾವು ಕೊಡುತ್ತೇವೆ ಎನ್ನುವ ಸಂಘದ ಪತ್ರ ಮಧ್ಯಾಹ್ನದೊಳಗೆ ಆಸ್ಪತ್ರೆ ತಲುಪದಿದ್ದರೆ ಶುಕ್ರವಾರದ ಸರದಿ ಬೇರೆಯವರಿಗೆ. ಔಷಧಿ ಅಂಗಡಿಯ ಮೇಲಿನ ಒಂದೇ ಕೋಣೆಯ ಕಚೇರಿ ಅದು. ಅದನ್ನು ನೋಡಿಕೊಳ್ಳುವ ಮೇಡಂ ಕೂಡ ಹಿಂದೆ ಹೋಟೆಲಿನಲ್ಲಿ ಬಡಿಸಿ ಬಡಿಸಿ ಮಂಡಿ ಸವೆಸಿಕೊಂಡವರೇ. ಆದರೂ ನಿಯಮ ನಿಯಮವೇ ಎಂದರು. ಹಿಂದೊಮ್ಮೆ ಯಾರೋ ಒಬ್ಬ ತನ್ನ ಅಣ್ಣನ ಹೆಸರಿನಲ್ಲಿ ನೆರವು ಪಡೆದು ನಾಪತ್ತೆಯಾಗಿದ್ದನಂತೆ. ಅಂದಿನಿಂದ ಬೇಕು ಎನ್ನುವ ಮಾತು ಕೆಲಸಗಾರರ ಬಾಯಿಂದಲೇ ಬರಬೇಕು.

ಬಂದ ದಾರಿಗೆ ಸುಂಕವಿಲ್ಲ ಎಂದು ಎದ್ದು ಹೋಗುವ ಪೈಕಿಯವಳಲ್ಲ ಅವಳು. ಹಾಗಾದರೆ ಈಗಲೇ ಕೇಳಿ ಎಂದು ಕುರ್ಚಿ ಎಳೆದುಕೊಂಡು ಕೂತಳು.

ಮೇಡಂ ಫೋನನ್ನು ಸ್ಪೀಕರಿಗೆ ಹಾಕಿ ಅದೇ ಪ್ರಶ್ನೆ ಕೇಳಿದರು.

“ಆಗುತ್ತೆ ಮೇಡಂ,” ಎಂದ ಪುಣ್ಯಾತ್ಮ. “ಹೇಗೋ ಮಾಡ್ಕೋತೀವಿ.”

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಕೈ ಚಾಚಿ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು.

“ರೀ, ಇದು ಆರ್ಡರ್ ಅಲ್ಲ, ಪ್ರಶ್ನೆ. ನಿಜ ಹೇಳಿದ್ರೆ ಇಲ್ಲಿ ಯಾರೂ ನಿಮ್ಮನ್ನ ಕೆಲಸದಿಂದ ತೆಗೆಯಲ್ಲ.”

ಅವಳು ಇನ್ನೂ ಏನೋ ಹೇಳಹೊರಟಾಗ ಮೇಡಂ ಕೈಸನ್ನೆಯಲ್ಲೇ ತಡೆದರು. ಗಿರಾಕಿ ಬಾಯಿಬಿಡುವವರೆಗೂ ಕಾದು ನಿಂತು ಅಭ್ಯಾಸವಿದ್ದವರು ಅವರು.

“ಆಗಲ್ಲ ಮೇಡಂ,” ಎಂದ ಕೊನೆಗೆ. “ನನ್ನ ಕೈಲಿ ಆಗಲ್ಲ.”

ಮೇಡಂ ಎರಡನೇ ಮಾತಾಡದೆ ಪತ್ರ ಬರೆದು ಮೊಹರು ಒತ್ತಿದರು. ಅವಳು ಅದನ್ನು ಎದೆಗವಚಿಕೊಂಡು ಮೆಟ್ಟಿಲಿಳಿದು, ಬಸ್ಸಿಗೂ ಕಾಯದೆ ಓಡಿದಳು. ಆಸ್ಪತ್ರೆಯ ಗುಮಾಸ್ತ ಊಟಕ್ಕೆ ಏಳುವುದರೊಳಗೆ ಪತ್ರ ಅವನ ಮೇಜಿನ ಮೇಲಿತ್ತು.

ಶುಕ್ರವಾರ ಆಪರೇಷನ್ ಕೋಣೆಯ ಬಾಗಿಲಲ್ಲಿ ಅವನು ಎಡಗೈಯಿಂದ ಅವಳ ಸೆರಗು ಹಿಡಿದುಕೊಂಡ.

“ಹೆದರಿಕೆ ಆಗ್ತಿದೆ ಕಣೇ.”

“ನನಗೂ ಹೆದರಿಕೆನೇ. ಹೋಗಿಬನ್ನಿ, ಇಲ್ಲೇ ಕೂತಿರ್ತೀನಿ.”

ಕೂತಳು. ಕಾಫಿಗೂ ಏಳಲಿಲ್ಲ. ಮೂರು ಗಂಟೆ ಕಳೆದ ಮೇಲೆ ಡಾಕ್ಟರು ಹೊರಗೆ ಬಂದು, ಐದೂ ಬೆರಳು ಬೇರೆಬೇರೆಯಾಗಿವೆ, ಆರು ತಿಂಗಳಲ್ಲಿ ಸೌಟು ಹಿಡಿಯಬಹುದು ಎಂದರು. ಒಂದು ತಿಂಗಳಿಂದ ಒಂದು ಹನಿ ಕಣ್ಣೀರು ಹಾಕದವಳು ಅಲ್ಲೇ ಗೋಡೆಗೊರಗಿ ಬಿಕ್ಕಿ ಬಿಕ್ಕಿ ಅತ್ತಳು. ಆ ಕಡೆ ಹೋಗುತ್ತಿದ್ದ ನರ್ಸ್ ಗಾಬರಿಯಾಗಿ ಏನಾಯ್ತಮ್ಮ ಎಂದು ಕೇಳಿದಳು.

“ಒಳ್ಳೇದಾಯ್ತು,” ಎಂದವಳೇ ಇನ್ನೂ ಜೋರಾಗಿ ಅತ್ತಳು.