ಶುಕ್ರವಾರದ ಮೂಲೆ

"ನಿನ್ನ ಯಜಮಾನ್ರು ಹುಲಿ ಬಿಟ್ಟು ಇಲಿ ಹಿಡ್ಕೊಂಡವ್ರಲ್ಲೇ, ಟಿನ್ ಯೀ" ಎಂದಳು ಪಕ್ಕದ ಮನೆಯ ಮ್ಯಾ ಸೇನ್, ಕಾದ ಅಮೃತಶಿಲೆಯ ಮೇಲೆ ಬರಿಗಾಲಲ್ಲಿ ಕುಪ್ಪಳಿಸುತ್ತ. "ಶುಕ್ರವಾರದೋಳು ಯಾವಳಾದ್ರೂ ಇದಾಳೇನೋ, ವಿಚಾರ್ಸು."

ಟಿನ್ ಯೀ ತಿರುಗಿ ನೋಡಿದಳು. ಹೌದು, ಶ್ವೇಡಗೋನ್ ಪಗೋಡದ ಉತ್ತರಕ್ಕೆ, ಇಲಿಯ ಬೊಂಬೆಯಿರುವ ಶುಕ್ರವಾರದ ಮೂಲೆಯಲ್ಲಿ, ಅವಳ ಗಂಡ ಖಿನ್ ಞೋ ಪುಟ್ಟ ಬುದ್ಧನ ತಲೆಗೆ ನೀರು ಎರೆಯುತ್ತಿದ್ದ. ಹುಟ್ಟಿದ ವಾರದ ಮೂಲೆಗೆ ಹೋಗಿ ವಯಸ್ಸಿನಷ್ಟು ಬಟ್ಟಲು, ಮೇಲೊಂದು, ಎರೆಯುವುದು ಎಲ್ಲರೂ ಮಾಡುವ ಪದ್ಧತಿ. ಅವನದು ಸೋಮವಾರ, ಹುಲಿ. ಅವಳದು ಶನಿವಾರ, ನಾಗ. ಹಾಗೆಂದು ಊರೆಲ್ಲ ನಂಬಿತ್ತು.

ಊರಿನಿಂದ ಬಂದ ಯಾತ್ರೆಯ ಬಸ್ಸು ನಿನ್ನೆಯಿಂದ ಅವರಿಗೆ ಮಲಗಿದ ಬುದ್ಧನ ಮೂರ್ತಿ, ದೊಡ್ಡ ಪೇಟೆ, ಕೆರೆ, ಎಲ್ಲ ತೋರಿಸಿತ್ತು. ಟಿನ್ ಯೀಯ ತಲೆಯಲ್ಲಿ ಒಂದೂ ನಿಂತಿರಲಿಲ್ಲ. ಕಳೆದ ವರ್ಷ ಗಂಡ ಎದೆ ಹಿಡಿದುಕೊಂಡು ಕುಸಿದಾಗಿನಿಂದ ಅವಳಿಗೆ ಒಂದೇ ಚಿಂತೆ. ಅವಳು ನಿಜಕ್ಕೂ ಶುಕ್ರವಾರದವಳು. ಸೋಮವಾರಕ್ಕೂ ಶುಕ್ರವಾರಕ್ಕೂ ಆಗಿಬರುವುದಿಲ್ಲ, ಗಂಡನ ಆಯುಸ್ಸಿಗೆ ಕುತ್ತು ಎನ್ನುತ್ತಾರೆ. ಹೊಳೆಯಾಚೆಯಿಂದ ಒಳ್ಳೆಯ ಸಂಬಂಧ ಬಂದಾಗ ಅವಳ ತಾಯಿ ಮಗಳನ್ನು ಶನಿವಾರಕ್ಕೆ ದಾಟಿಸಿ, ಹೆಸರಿನ ಮೊದಲಕ್ಷರ ವಾರಕ್ಕೆ ಹೊಂದಬೇಕೆಂದು ಥಾನ್ ಯೀ ಎಂಬ ಹೆಸರನ್ನು ಟಿನ್ ಯೀ ಮಾಡಿದ್ದಳು. ಆ ಸುಳ್ಳೇ ಈಗ ಗಂಡನ ಎದೆಗೆ ಬಂದು ಕೂತಿದೆ ಎಂದು ಅವಳಿಗೆ ಖಾತ್ರಿಯಾಗಿತ್ತು. ಬಾಯಿಬಿಟ್ಟು ಹೇಳಲು ಮಾತ್ರ ಧೈರ್ಯ ಬಂದಿರಲಿಲ್ಲ.

ಕುಸಿದ ಮೇಲೆ ಅವನ ನೆನಪೂ ಅಷ್ಟಕ್ಕಷ್ಟೆ. ಕುಡಿದ ಚಹಾವನ್ನೇ ಮತ್ತೆ ಕೇಳುತ್ತಿದ್ದ. ಪಾಪ, ದಿಕ್ಕು ತಪ್ಪಿ ನಿಂತಿದ್ದಾನೆ ಎಂದುಕೊಂಡು ಹತ್ತಿರ ಹೋಗಿ, ಯಾವಾಗಲೂ ಕರೆಯುವಂತೆ ಕರೆದಳು.

"ಕೋ ಞೋ, ನಿಮ್ ಮೂಲೆ ಪೂರ್ವಕ್ಕಿರೋದು. ಇದು ಶುಕ್ರವಾರದ್ದು."

"ಗೊತ್ತು ಕಣೆ. ಲೆಕ್ಕ ತಪ್ಪಿಸ್ಬೇಡ."

ಗೊತ್ತಿದ್ದೂ ಇಲ್ಲೇಕೆ? ಯಾರಿಗೆ? ಊರಿನ ಶುಕ್ರವಾರದ ಹೆಂಗಸರನ್ನೆಲ್ಲ ಒಬ್ಬೊಬ್ಬರಾಗಿ ನೆನೆದಳು. ಮೀನು ಮಾರುವವಳು, ಶಾಲೆಯ ಮೇಡಂ, ದೋಣಿಕಟ್ಟೆಯ ವಿಧವೆ. ವಿಧವೆಯ ಮೇಲೆ ಸಿಟ್ಟೂ ಬಂತು. ತಾನೂ ಶುಕ್ರವಾರದವಳೇ ಎಂಬುದು ಎಲ್ಲರಿಗಿಂತ ಕೊನೆಗೆ ಹೊಳೆಯಿತು.

"ಅರವತ್ತೊಂದು" ಎಂದು ಖಿನ್ ಞೋ ಬಟ್ಟಲು ಕೆಳಗಿಟ್ಟು ಬೆನ್ನು ನೆಟ್ಟಗೆ ಮಾಡಿದ. ಅವಳಿಗೆ ತುಂಬಿದ್ದ ವಯಸ್ಸೂ ಅಷ್ಟೇ.

"ನಿಮ್ಗೆ ಯಾರು ಹೇಳಿದ್ದು?"

"ನಿಮ್ಮಮ್ಮ. ಮದುವೆ ಆದ ವರ್ಷಾನೇ, ಅತ್ಕೊಂಡು. ನೀನು ಕೂಸಾಗಿದ್ದಾಗ್ಲೇ ವಾರ ಬದ್ಲಾಯ್ಸಿದ್ದು, ಮಗಳಿಗೂ ಗೊತ್ತಿಲ್ಲ, ಹೇಳ್ಬೇಡಿ ಅಂದ್ರು. ಗೊತ್ತಾದ್ರೆ ನನಗೇನೋ ಆಗತ್ತೆ ಅಂತ ನೀನು ಹೆದರ್ಕೊಂಡು ಸಾಯ್ತಿದ್ದೆ. ಅದಕ್ಕೆ ಸುಮ್ನಿದ್ದೆ."

"ನಂಗೆ ಗೊತ್ತಿತ್ತು."

ಅವನು ಬಾಯಿ ತೆರೆದು ನೋಡಿದ. "ಗೊತ್ತಿತ್ತಾ? ಹಿಂದೆ ಇಲ್ಲಿಗೆ ಬಂದಾಗೆಲ್ಲ ನೀನು ನಾಗನ ಹತ್ರ ಇರೋವಾಗ ಓಡಿ ಬಂದು ಇಲ್ಲಿ ಎರೆದು ಹೋಗ್ತಿದ್ದೆ. ಈ ಸಲ ಓಡೋಕಾಗ್ಲಿಲ್ಲ, ಸಿಕ್ಕಿಬಿದ್ದೆ."

ನಗಬೇಕೋ ಅಳಬೇಕೋ ಅವಳಿಗೆ ತಿಳಿಯಲಿಲ್ಲ. ಇಬ್ಬರ ಬಾಯಿಯನ್ನೂ ಕಟ್ಟಿ ಸತ್ತ ತಾಯಿಯ ಮೇಲೆ ಕೋಪ ಬಂತು, ಆಮೇಲೆ ಹೋಯಿತು. ತಾನು ಇಷ್ಟು ವರ್ಷ ನಾಗನಿಗೆ ಎರೆದ ನೀರು ಯಾರ ಪಾಲಿಗೆ ಹೋಯಿತು? ಇವನನ್ನು ಇಷ್ಟು ದಿನ ಉಳಿಸಿದ್ದು ಯಾವ ಮೂಲೆ?

"ಬಸ್ಸು ಹೊರಡತ್ತಂತೆ, ಬನ್ರೋ" ಎಂದು ಮ್ಯಾ ಸೇನ್ ಮೆಟ್ಟಿಲ ಕಡೆಯಿಂದ ಕೂಗಿದಳು.

ಖಿನ್ ಞೋ ಬಟ್ಟಲನ್ನು ತುಂಬಿ ಹೆಂಡತಿಯ ಕೈಗೆ ಕೊಟ್ಟ. "ಮೇಲಿನದೊಂದು ಉಳಿದಿದೆ. ಅದನ್ನ ನೀನೇ ಹಾಕು, ಥಾನ್ ಯೀ."

ಆ ಹೆಸರನ್ನು ಅವನಿಗೆ ಅವಳು ಯಾವತ್ತೂ ಹೇಳಿರಲಿಲ್ಲ. ಅವಳು ಅವನತ್ತಲೇ ನೋಡುತ್ತಿರುವಾಗ ಬಟ್ಟಲು ವಾಲಿ ಅರ್ಧ ನೀರು ಕಾದ ಕಲ್ಲಿನ ಮೇಲೆ ಚೆಲ್ಲಿತು. ಖಿನ್ ಞೋ ಸುಡುತ್ತಿದ್ದ ಪಾದಗಳನ್ನು ಆ ಒದ್ದೆಯ ಮೇಲೆ ಸರಿಸಿಕೊಂಡು, ಅವಳು ಎರೆಯಲೆಂದು ಕಾಯುತ್ತ ನಿಂತ.