ಸೈನಿಕರ ಬಟ್ಟೆ ಯಾರು ಒಗೆಯುತ್ತಿದ್ದರು?

ಟ್ರಂಕು ಬಂದಾಗ ಸೊಸೆ ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಿದ್ದಳು. ಮಗ ಗಡಿಯಲ್ಲಿ ಸತ್ತು ತಿಂಗಳಾಗಿತ್ತು. ಅವನ ಸಾಮಾನು ಈಗ ಮನೆ ಸೇರಿತ್ತು. ಅವನ ತಾಯಿ, ಒಗೆದು ಇಸ್ತ್ರಿ ಮಾಡುವ ಅಂಗಡಿಯ ಅಜ್ಜಿ, ಮುಚ್ಚಳ ತೆಗೆದಳು. ಮೇಲೆ ಮಡಿಸಿಟ್ಟ ಸ್ವೆಟರು, ಅದರಡಿ ಮುದ್ದೆಯಾಗಿ ತುರುಕಿದ ಅಂಗಿ, ಬನಿಯನ್, ಕಾಲುಚೀಲ.

"ನೋಡೇ ನಿಮ್ಮಪ್ಪನ ಬುದ್ಧಿ! ಕತ್ತೆ ವಯಸ್ಸಾದ್ರೂ ಕೊಳೆಬಟ್ಟೆ ಅಮ್ಮನಿಗೇ," ಎಂದಳು ಮೊಮ್ಮಗಳಿಗೆ.

ರಜೆಗೆ ಬಂದಾಗಲೆಲ್ಲ ಅವನು ಬೂಟು ಬಿಚ್ಚುವ ಮೊದಲೇ ಬಟ್ಟೆಯ ಗಂಟನ್ನು ಅವಳ ಟಬ್ಬಿಗೆ ಎಸೆಯುತ್ತಿದ್ದ. ಅವಳು ಬೈಯುತ್ತಲೇ ನೆನೆಹಾಕುತ್ತಿದ್ದಳು. ಇವತ್ತೂ ಹಾಕಿದಳು. ಕೈ ಮಾತು ಕೇಳಬೇಕಲ್ಲ.

ಮೊಮ್ಮಗಳಿಗೆ ಶಾಲೆಯಲ್ಲಿ ಹಳೇ ಕಾಲದ ಸೈನಿಕರ ಬಗ್ಗೆ ಬರೆದು ತರಲು ಹೇಳಿದ್ದರು. ಇಂಥದ್ದನ್ನೆಲ್ಲ ಅವಳು ಅಪ್ಪನಿಗೆ ಫೋನು ಮಾಡಿ ಕೇಳುತ್ತಿದ್ದಳು. ಈಗ ಮೆಟ್ಟಿಲ ಮೇಲೆ ಕೂತು ಅಜ್ಜಿಯನ್ನು ಕೇಳಿದಳು.

"ಅಜ್ಜಿ, ರಾಜರ ಕಾಲದಲ್ಲಿ ಸೈನಿಕರಿಗೆ ಅಡುಗೆ ಯಾರು ಮಾಡ್ತಿದ್ರು?"

"ಹಸಿವಾದೋರು."

"ತಮಾಷೆ ಬೇಡ. ಬಟ್ಟೆ ಯಾರು ಒಗೀತಿದ್ರು?"

"ನಮ್ಮಂಥೋರೇ. ದಂಡಿನ ಹಿಂದೆ ಗಾಡಿ ಕಟ್ಟಿಕೊಂಡು ಹೋಗ್ತಿದ್ರಂತೆ. ಒಗೆಯೋರು, ಕಮ್ಮಾರರು, ಹೆಂಡ್ರು ಮಕ್ಕಳು. ಯುದ್ಧ ಅಂದ್ರೆ ಬರೀ ಕತ್ತೀನಾ? ಅರ್ಧ ಊರೇ ಹೊರಡ್ತಿತ್ತು."

"ಹಂಗಾದ್ರೆ ನೀನೂ ಅಪ್ಪನ ಜೊತೆ ಹೋಗಬಹುದಿತ್ತು."

ಅಂಗಿಯ ಕಂಕುಳ ಹೊಲಿಗೆಯ ಮೇಲೆ ಅಜ್ಜಿಯ ಬ್ರಷ್ಷು ನಿಂತಿತು.

"ಹೋಗಬಹುದಿತ್ತು ಕಣೇ," ಎಂದು ಮತ್ತೆ ಉಜ್ಜಿದಳು.

ಟ್ರಂಕು ಬಂದಿದೆಯೆಂದು ಫೋನಿನಲ್ಲಿ ಕೇಳಿದ್ದ ಸೊಸೆ ಸಂಜೆ ಓಡೋಡಿ ಬಂದಳು. ಟಿಕೆಟ್ ಚೀಲ ಹೆಗಲಲ್ಲೇ ಇತ್ತು. ತಂತಿಯ ಮೇಲೆ ಅಂಗಿಗಳು ನೀರಿಳಿಸುತ್ತಿದ್ದವು.

"ಅತ್ತೆ, ಒಗೆದ್ಬಿಟ್ರಾ?"

"ಕೊಳೆಯಾಗಿತ್ತಲ್ಲಮ್ಮ."

"ಎಲ್ಲಾನೂ?"

ಅಜ್ಜಿ ಹೌದೆಂದು ತಲೆಯಾಡಿಸಿದಳು. ಸೊಸೆ ಒದ್ದೆ ಅಂಗಿಯೊಂದಕ್ಕೆ ಮುಖ ಒತ್ತಿ ನಿಂತಳು.

"ಬರೀ ಸೋಪು," ಎಂದಳು. "ಶವಪೆಟ್ಟಿಗೆ ತೆಗೀಲಿಕ್ಕೂ ಬಿಡ್ಲಿಲ್ಲ ನಂಗೆ. ಬಟ್ಟೆಯಲ್ಲಾದ್ರೂ ಅವರ ವಾಸನೆ ಇರುತ್ತೆ ಅಂತ ದಾರಿಯುದ್ದಕ್ಕೂ... ಒಂದು ಕಾಲುಚೀಲನಾದ್ರೂ ಮರೀಬಾರ್ದಿತ್ತಾ ಅತ್ತೆ?"

ಅಜ್ಜಿ ಆ ಅಂಗಿಯನ್ನು ಎಳೆದುಕೊಂಡು ಸರಸರನೆ ಒಳಗೆ ಹೋಗಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಹಾಕಿದಳು.

"ಬಾ ಇಲ್ಲಿ. ಎಷ್ಟೇ ಒಗೆದ್ರೂ ಬೆವರು ಹೊಲಿಗೆಯಲ್ಲಿ ಅಡಗಿ ಕೂತಿರುತ್ತೆ. ಬಿಸಿ ತಾಗಿದ್ರೆ ಏಳುತ್ತೆ. ಗಿರಾಕಿಗಳ ಬಟ್ಟೆಯಲ್ಲಿ ದಿನಾ ಮೂಗು ಮುಚ್ಕೊಳ್ತೀನಲ್ಲ ನಾನು."

ಅಂಗಿಯ ಕಂಕುಳನ್ನು ಮೇಜಿನ ಮೇಲೆ ಹರಡಿ ಇಸ್ತ್ರಿ ಒತ್ತಿದಳು. ಚುಸ್ಸೆಂದು ಹಬೆ ಎದ್ದಿತು. ಇಬ್ಬರೂ ಒಟ್ಟಿಗೆ ಬಗ್ಗಿದರು.

ಸೋಪು. ಕೊಳೆ ಬಿಡಿಸುವುದರಲ್ಲಿ ಅಜ್ಜಿಯ ಕೈಗೆ ಬೀದಿಯಲ್ಲೆಲ್ಲ ಹೆಸರಿತ್ತು.

"ಇನ್ನೊಂದು ಕಂಕುಳು ನೋಡಿ ಅತ್ತೆ," ಎಂದಳು ಸೊಸೆ, ಕಣ್ಣು ತೆರೆಯದೆ.

ಅದನ್ನೂ ಎಷ್ಟು ಉಜ್ಜಿದ್ದಾಳೆಂದು ಅಜ್ಜಿಗೆ ಗೊತ್ತಿತ್ತು. ಆದರೂ ಅಂಗಿಯನ್ನು ಹೊರಳಿಸಿದಳು.