ನನ್ನ ಜುಟ್ಟು ನಮಸ್ಕಾರ ಮಾಡುವುದಿಲ್ಲ

ನಾನು ಒಂದು ಕಾಕಟೂ. ಗಿಳಿಯ ಬಳಗದವಳೇ, ಆದರೂ ಯಾರಾದರೂ “ಬಿಳಿ ಗಿಳಿ” ಅಂದರೆ ಮೈ ಉರಿಯುತ್ತದೆ. ಮೈ ಬಿಳಿ, ತಲೆಯ ಮೇಲೆ ಕಿತ್ತಳೆ ಬಣ್ಣದ ಜುಟ್ಟು. ನಮ್ಮ ದಾಯಾದಿಗಳದು ನಿಂಬೆಹಣ್ಣಿನಂಥ ಹಳದಿ ಜುಟ್ಟು. ಕಿತ್ತಳೆ ಜುಟ್ಟಿನವರಾದ ನಮ್ಮ ಊರು ಸಮುದ್ರದಾಚೆಯ ಸುಂಬಾ ಎಂಬ ದ್ವೀಪ. ಇಡೀ ಲೋಕದಲ್ಲಿ ನಮಗೆ ಬೇರೆ ಊರಿಲ್ಲ.

ಹುಟ್ಟಿದ್ದು ಅಲ್ಲಿನ ಕಾಡಿನಲ್ಲಿ, ಮುದಿ ಮರವೊಂದರ ಪೊಟರೆಯಲ್ಲಿ. ಪೊಟರೆ ಕೊರೆಯುವುದು ನಮಗೆ ಬರುವುದಿಲ್ಲ; ಮರ ಮುದಿಯಾಗಿ ತಾನೇ ಟೊಳ್ಳಾಗಬೇಕು. ಅಪ್ಪ ಅಮ್ಮ ಸರದಿಯ ಮೇಲೆ ಕಾವು ಕೊಟ್ಟು ನನ್ನನ್ನೂ ತಮ್ಮನನ್ನೂ ಮರಿ ಮಾಡಿದರು. ರೆಕ್ಕೆ ಬಲಿಯುವ ಮೊದಲೇ ಒಬ್ಬ ಹಗ್ಗ ಹಾಕಿ ಮರ ಹತ್ತಿದ. ಅಮ್ಮ ಜುಟ್ಟೆತ್ತಿ ಕಿರುಚುತ್ತ ಅವನ ತಲೆಯ ಸುತ್ತ ಹಾರಿದಳು. ಅವನೂ ಅವನ ಜೊತೆಯವರೂ ನಮ್ಮನ್ನು ಕೆಳಗಿಳಿಸಿ, ನೀರಿನ ಬಾಟಲಿಗಳನ್ನು ಕತ್ತರಿಸಿ ಒಳಗೆ ತುರುಕಿದರು. ಬಾಲದ ಗರಿಗಳು ಮಡಚಿ ಮುರಿದವು. ದೋಣಿಯಲ್ಲಿ ತಮ್ಮನ ಬಾಟಲಿಯಿಂದ ಸದ್ದು ನಿಂತಾಗ ಅದನ್ನು ಸಮುದ್ರಕ್ಕೆ ಎಸೆದರು. ಇದಕ್ಕೆ ಕಳ್ಳಸಾಗಣೆ ಅನ್ನುತ್ತಾರಂತೆ. ಸಾಗಿಸಿದವನು ಕಳ್ಳ, ಕೊಂಡವನು ಮಾತ್ರ ಪಕ್ಷಿಪ್ರೇಮಿ!

ಕೈಯಿಂದ ಕೈಗೆ ದಾಟಿ ಹುಬ್ಬಳ್ಳಿಯ ಅಂದಾನಪ್ಪನವರ ಸೀರೆ ಅಂಗಡಿ ಸೇರಿದೆ. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಒಮ್ಮೆ ಕಚ್ಚಿ ಸುಮ್ಮನಾಗುತ್ತಿದ್ದೆ. ಗಲ್ಲಾಪೆಟ್ಟಿಗೆಯ ಪಕ್ಕ ಪಂಜರ ತೂಗುಹಾಕಿ ನನಗೆ ರಾಜಾ ಎಂದು ಹೆಸರಿಟ್ಟರು. ನನ್ನ ಕಣ್ಣು ಕೆಂಪುಗಂದು. ನಮ್ಮಲ್ಲಿ ಅದು ಹೆಣ್ಣಿನ ಗುರುತು. ಆದರೆ ಕಣ್ಣು ನೋಡುವವರು ಯಾರು? ಎಲ್ಲರಿಗೂ ಬೇಕಾದದ್ದು ಜುಟ್ಟು.

ಗಿರಾಕಿಗಳು ಬಂದರೆ ಸಾಕು, ಅಂದಾನಪ್ಪ ಪಂಜರದ ಮುಂದೆ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು. “ಏ ರಾಜಾ, ಅಕ್ಕಾರ್ ಬಂದಾರ, ನಮಸ್ಕಾರ ಮಾಡು!”

ನಾನು ಬೆಚ್ಚಿಬೀಳುತ್ತಿದ್ದೆ, ಜುಟ್ಟು ಏಳುತ್ತಿತ್ತು. “ಎಷ್ಟ್ ಶಾಣ್ಯಾ ಐತ್ರಿ!” ಎಂದು ಅವರೆಲ್ಲ ನಗುತ್ತಿದ್ದರು. ನಮಸ್ಕಾರವಂತೆ! ಹೆದರಿದಾಗ, ಸಿಟ್ಟು ಬಂದಾಗ ಏಳುವ ಜುಟ್ಟು ಅದು. ಆ ದಿನ ಅಮ್ಮ ಎತ್ತಿದ್ದೂ ಇದನ್ನೇ. ಅವಳೂ ಆ ಕಳ್ಳನಿಗೆ ನಮಸ್ಕಾರ ಮಾಡುತ್ತಿದ್ದಳೇ?

ತಿನ್ನಲು ಮಿರ್ಚಿ ಭಜಿ, ಕುಡಿಯಲು ತಟ್ಟೆಯಲ್ಲಿ ಉಳಿದ ಚಹಾ. ಕೊಕ್ಕು ಸವೆಸಲು ಒಂದು ಮರದ ತುಂಡು ಕೊಡಲಿಲ್ಲ. ಕಪಾಟಿನ ಅಂಚು ಕಡಿದರೆ ಬೈಗುಳ. ನಮ್ಮ ಗರಿಯಿಂದ ಬಿಳಿ ಪುಡಿ ಉದುರುತ್ತದೆ. ಅದು ಕಪ್ಪು ಸೀರೆಗಳ ಮೇಲೆ ಕೂತರೂ ತಪ್ಪು ನನ್ನದೇ. ಅದನ್ನೆಲ್ಲ ತಡೆದುಕೊಂಡೆ. ತಡೆಯಲಾಗದ್ದು ಒಂಟಿತನ. ನಾವು ಜೋಡಿಯಾಗಿ, ಹಿಂಡಾಗಿ ಬಾಳುವವರು. ಕೊಕ್ಕು ಎಟುಕದ ಹಿಂದಲೆಯನ್ನು ಒಬ್ಬರಿಗೊಬ್ಬರು ಕೆರೆದುಕೊಡುವವರು. ನನ್ನ ಹಿಂದಲೆ ಕೆರೆಯಲು ಯಾರೂ ಇರಲಿಲ್ಲ. ಎಟುಕಿದ ಎದೆಯ ಗರಿಗಳನ್ನೇ ಕಿತ್ತು ಕಿತ್ತು ಬೋಳು ಮಾಡಿಕೊಂಡೆ.

ಅಂದಾನಪ್ಪನವರ ತಾಯಿ ಶಂಕ್ರವ್ವ ಅದನ್ನು ಕಂಡು ಹೌಹಾರಿದರು. “ಅಯ್ಯ ಶಿವನ, ದಿನಾ ಇಷ್ಟ್ ಮಂದಿ ನೋಡ್ತಾರ. ನೆದರ ಆಗೇತಿ ಕೂಸಿಗೆ!”

ಕೆಟ್ಟ ದೃಷ್ಟಿ ಹೋಗಲೆಂದು ಉಪ್ಪು, ಬ್ಯಾಡಗಿ ಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಪಂಜರದ ಸುತ್ತ ಇಳಿ ತೆಗೆದು, ಅಲ್ಲೇ ಕೆಳಗೆ ತಂದಿಟ್ಟ ಕೆಂಡಕ್ಕೆ ಹಾಕಿದರು. ಮನುಷ್ಯರೇ ಕೆಮ್ಮುವ ಘಾಟು ಅದು. ಹಕ್ಕಿಯ ಉಸಿರು ಎಷ್ಟರದು? ಕಣ್ಣು ಕತ್ತಲೆಗಟ್ಟಿ ಪಂಜರದ ತಳಕ್ಕೆ ಬಿದ್ದೆ.

“ನೋಡು, ನೆದರ ಹೊಂಟಿತು” ಎಂದರು ಶಂಕ್ರವ್ವ. ಹೊರಟಿದ್ದು ನನ್ನ ಪ್ರಾಣ!

ನಾನು ಏಳದಿದ್ದಾಗ ಅವರಿಗೂ ಗಾಬರಿಯಾಯಿತು. ಹೊರತೆಗೆದು ಮಡಿಲಲ್ಲಿಟ್ಟುಕೊಂಡು ಬೆರಳಿನಿಂದ ನನ್ನ ಹಿಂದಲೆ ನೇವರಿಸಿದರು. ಪೊಟರೆ ಬಿಟ್ಟ ಮೇಲೆ ಯಾರೂ ಮುಟ್ಟದ ಜಾಗ ಅದು. ನಾನು ತಲೆ ಬಗ್ಗಿಸಿ ಕಣ್ಣು ಮುಚ್ಚಿದೆ. ಗಂಡ ಸತ್ತು ಬಹುಕಾಲವಾಗಿದ್ದ ಆಕೆಗೆ ಅಷ್ಟೇ ಸಾಕಾಯಿತು.

“ಅಂದಾನಿ, ಇದಕ್ಕ ನೆದರ ಅಲ್ಲೋ. ನನ್ನಂಗ ಒಂಟಿ ಆಗೇತಿ. ಒಂದ್ ಜೋಡಿ ತಂದ್ ಹಾಕು.”

ಕೊನೆಗೂ ಒಬ್ಬರಿಗೆ ಅರ್ಥವಾಯಿತೆಂದು ಮನಸ್ಸಿನಲ್ಲೇ ಕುಣಿದಾಡಿದೆ.

ಜೋಡಿ ಬಂದಿತು. ಕಿತ್ತಳೆ ಜುಟ್ಟಿನ ಎಳೆಯ ಮರಿ. ಪಂಜರದ ಮೂಲೆಯಲ್ಲಿ ಮುದುಡಿ ನಡುಗುತ್ತಿತ್ತು. ಅದರ ಬಾಲದ ಗರಿಗಳನ್ನು ನೋಡಿದೆ. ಮಡಚಿ ಮುರಿದಿದ್ದವು, ಬಾಟಲಿಯಲ್ಲಿ ತುರುಕಿದಾಗ ನನ್ನವು ಮುರಿದಿದ್ದಂತೆಯೇ.

ನನಗೆ ಜೊತೆ ಬೇಕಿತ್ತು, ನಿಜ. ಅದಕ್ಕಾಗಿ ಇನ್ನೊಂದು ಪೊಟರೆ ಬರಿದು ಮಾಡಿ ಎಂದು ಕೇಳಿದ್ದೆನೇ? ಆ ಬಾಟಲಿಯ ಪಕ್ಕದ ಬಾಟಲಿಯಲ್ಲಿ ಯಾರಿದ್ದರು? ಅವರನ್ನು ಯಾವ ಸಮುದ್ರಕ್ಕೆ ಎಸೆದರು?

ಮರಿಗೆ ರಾಣಿ ಎಂದು ಹೆಸರಿಟ್ಟರು. ನಾನು ಅದರ ಹಿಂದಲೆ ಕೆರೆದೆ, ಮೆಲ್ಲಗೆ ಅದೂ ನನ್ನದನ್ನು ಕೆರೆಯಿತು. ದೊಡ್ಡದಾದ ಮೇಲೆ ಅದರ ಕಣ್ಣೂ ನನ್ನದರಂತೆ ಕೆಂಪುಗಂದಾಯಿತು. ರಾಜಾ, ರಾಣಿ, ಇಬ್ಬರೂ ಹೆಣ್ಣು! ನನ್ನ ಎದೆಯಲ್ಲಿ ಗರಿ ಮೂಡಿದವು. ಆ ಗರಿಗಳನ್ನು ಕಂಡರೆ ನನಗೇ ನಾಚಿಕೆ.

ಶಂಕ್ರವ್ವ ಈಗಿಲ್ಲ. ನನಗೂ ಮುಪ್ಪು ಬಂದಿದೆ. ಕಾಲು ಸೆಟೆದು ಕೋಲಿನ ಮೇಲೆ ಕೂರುವುದೇ ಕಷ್ಟ. ನಿನ್ನೆ ಮದುವೆಯ ಜವಳಿಗೆ ಬಂದ ಹೆಂಗಸೊಬ್ಬರು ನಮ್ಮ ಮುಂದೆ ನಿಂತು ಬಹಳ ಹೊತ್ತು ನೋಡಿದರು.

“ಒಂದ ಇದ್ದಾಗ ಎಲ್ಲಾ ಪುಕ್ಕಾ ಕಿತ್ಕೊಂಡಿತ್ರಿ,” ಅಂದಾನಪ್ಪ ಹೆಮ್ಮೆಯಿಂದ ಹೇಳಿದರು. “ಜೋಡಿ ತಂದ ಮ್ಯಾಲೆ ನೋಡ್ರಿ, ಹೆಂಗ್ ಚಂದ ಆಗೇತಿ!”

“ಹೌದ್ರೀ? ಹಂಗಾರ ನಮ್ಮನಿಗೂ ಒಂದ್ ಜೋಡಿ ತರಸ್ರಿ.”

ಈ ಸಲ ಯಾರೂ ಚಪ್ಪಾಳೆ ತಟ್ಟಿರಲಿಲ್ಲ. ನಮ್ಮಿಬ್ಬರ ಜುಟ್ಟೂ ಒಟ್ಟಿಗೇ ನೆಟ್ಟಗೆ ಎದ್ದವು.

“ಅಯ್ಯ, ನೋಡ್ರಿ, ನಮಸ್ಕಾರ ಮಾಡಾಕತ್ತಾವ!” ಎಂದು ಆಕೆ ನಮಗೆ ಕೈ ಮುಗಿದರು.